ಓಟಕ್ಕೆ ಮುನ್ನ ನಿಲುಗಡೆ

ಇರುವ ಶಕ್ತಿಯನ್ನು ಅರಿಯುವ ಮೊದಲೇ ಇನ್ನಷ್ಟು ಶಕ್ತಿಯನ್ನು ಬಯಸುವುದು ಮನುಷ್ಯನ ಸಹಜ ಗುಣ. ಬಯಕೆಯೇ ತಪ್ಪೆಂದು ಹೇಳಲಾಗದು. ಆದರೆ ಬಯಸಿದ್ದನ್ನು ಹೊರುವ ಯೋಗ್ಯತೆ ಇದೆಯೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರಬೇಕು. ಹುಬ್ಬಳ್ಳಿಯ ತರುಣ ಎಂಜಿನಿಯರರೊಬ್ಬರು ತಮ್ಮ ಕಾರಿಗಾಗಿ ಶನಿವಾರ, ರವಿವಾರಗಳ ಕೆಲಸವನ್ನು ಯೋಜಿಸಿದ ಬಗೆ ಈ ಮಾತಿಗೊಂದು ನಿದರ್ಶನ.

ಅವರದು ಎರಡನೆಯ ಕೈಯಲ್ಲಿ ಕೊಂಡ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರಿನ ಎಂಜಿನ್ ಕೇವಲ 1.2 ಲೀಟರಿನದು. ಆದರೂ ಟರ್ಬೊದ ನೆರವಿನಿಂದ 105 ಅಶ್ವಶಕ್ತಿಯನ್ನೂ 175 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ತತ್ತ್ವವೇ ಇದರ ಮೂಲ. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲನ್ನು ಹೆಚ್ಚು ಉರಿಸಬಹುದು. ನಿಮಿಷಕ್ಕೆ ಲಕ್ಷಕ್ಕೂ ಮಿಗಿಲಾಗಿ ಸುತ್ತುವ ಈ ಚಕ್ರಗಳು ಎಷ್ಟು ಒತ್ತಡ ಕೊಡಬೇಕೆಂಬುದನ್ನು ಕಾರಿನೊಳಗಿನ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಅದರ ಲೆಕ್ಕವನ್ನು ತಿದ್ದಿ ಬರೆದರೆ ಅದೇ ಎಂಜಿನ್ ಇನ್ನಷ್ಟು ಬಲ ಕೊಡುತ್ತದೆ. ಇದಕ್ಕೆ ರೀಮ್ಯಾಪ್ ಎನ್ನುತ್ತಾರೆ.

ಆ ತರುಣರ ಪಟ್ಟಿಯಲ್ಲಿ ಮೊದಲ ಸಾಲೇ ರೀಮ್ಯಾಪ್. ಅನಂತರ ದೊಡ್ಡ ಇಂಟರ್‌ಕೂಲರ್, ಅಗಲವಾದ ಸೈಲೆನ್ಸರ್ ಕೊಳವೆ, ಹೊಸ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಗಟ್ಟಿ ಸ್ಪ್ರಿಂಗು. ಕೊನೆಯ ಸಾಲಿನಲ್ಲಿ, ‘ಹಣ ಉಳಿದರೆ ಬ್ರೇಕು’. ಶನಿವಾರ ಬೆಳಿಗ್ಗೆ ಬಿಚ್ಚಿ ರವಿವಾರ ಸಂಜೆ ಜೋಡಿಸಬೇಕೆಂಬುದು ಅವರ ಎಣಿಕೆ. ಪಟ್ಟಿಯನ್ನು ಹಿಡಿದು ಪರಿಚಯದ ಹಿರಿಯ ಮೆಕ್ಯಾನಿಕರಲ್ಲಿಗೆ ಹೋದರು.

“ಕಾಕಾ, ಎರಡ ದಿನದಾಗ ಮುಗೀತದಲ್ರೀ?”

ಹಿರಿಯರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು. “ಓಡ್ಸೂದು ಆಮ್ಯಾಲ ತಮ್ಮಾ. ನಿಂದ್ರಸೂದು ಮದ್ಲ ಹೇಳು. ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡಿಸೀದಿ?”

ತರುಣರ ಬಳಿ ಉತ್ತರವಿರಲಿಲ್ಲ.

ಈ ಒಂದು ಪ್ರಶ್ನೆಯಿಂದ ಇಡೀ ಪಟ್ಟಿ ತಲೆಕೆಳಗಾಯಿತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಕಡಿಮೆ ಶಾಖಕ್ಕೇ ಕುದಿದು, ಬೇಕಾದ ಹೊತ್ತಿನಲ್ಲಿ ಪೆಡಲ್ ಮೆತ್ತಗಾಗುತ್ತದೆ. ಆದುದರಿಂದಲೇ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ರೂಢಿಯಿದೆ. ವೇಗದ ಲೆಕ್ಕವೂ ನಾವು ಊಹಿಸಿದಂತಿಲ್ಲ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ವೇಗ ಕಾಲು ಭಾಗ ಹೆಚ್ಚುತ್ತದೆ. ಬ್ರೇಕು ನುಂಗಬೇಕಾದ ಶಕ್ತಿ ಅರ್ಧಕ್ಕೂ ಮಿಗಿಲಾಗಿ ಹೆಚ್ಚುತ್ತದೆ. ಓಟಕ್ಕೆ ಬಲ ಕೂಡಿಸುವವನು ನಿಲುಗಡೆಗೆ ಅದಕ್ಕಿಂತ ಹೆಚ್ಚು ಬಲ ಕೂಡಿಸಬೇಕೆಂಬುದು ಇದರ ತಾತ್ಪರ್ಯ.

ಉಳಿದ ಸಾಲುಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕಾಯಿತು. ಮುಂಭಾಗದಲ್ಲಿ ಕೂರಿಸುವ ದೊಡ್ಡ ಇಂಟರ್‌ಕೂಲರ್ ಬೇರಾವುದೋ ಕಾರಿನ ಪಟ್ಟಿಯಿಂದ ಬಂದದ್ದು. ಈ ಎಂಜಿನ್ನಿನಲ್ಲಿ ಒತ್ತಿದ ಗಾಳಿಯನ್ನು ತಣಿಸುವ ಅಂಗ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲಿಯೇ ಅಡಗಿದ್ದು, ನೀರಿನಿಂದ ತಣಿಯುತ್ತದೆ. ಏಳು ವೇಗಗಳ ಗೇರ್‌ಬಾಕ್ಸ್ ಹೊರಲೆಂದು ನಿಗದಿಯಾದ ಮಿತಿ 250 ನ್ಯೂಟನ್ ಮೀಟರ್. 175ಕ್ಕೂ 250ಕ್ಕೂ ನಡುವೆ ಇರುವ ಅಂತರ ವ್ಯರ್ಥವಲ್ಲ. ಅದು ಆ ಯಂತ್ರದ ಆಯುಷ್ಯ. ಬಲ ಹೆಚ್ಚಿಸಿದಷ್ಟೂ ಆ ಅಂತರ ಕರಗುತ್ತದೆ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಮಾರ್ಪಾಡನ್ನು ಮುಚ್ಚಿಟ್ಟರೆ ಅಪಘಾತದ ಹೊತ್ತಿನಲ್ಲಿ ವಿಮೆಯೂ ಕೈಬಿಡಬಹುದು.

ಇಷ್ಟಾದರೂ ಆಸೆ ಸುಲಭವಾಗಿ ಬಿಡುವಂಥದಲ್ಲ. ಶುಕ್ರವಾರ ರಾತ್ರಿಯೂ ಪಟ್ಟಿಯ ಮೊದಲ ಸಾಲು ಅಳಿಸದೆ ಉಳಿದಿತ್ತು. ಊಟ ಮುಗಿಸಿ ಬಂದ ತಂದೆ ಆ ಕಾಗದವನ್ನು ನೋಡಿದರು, ಏನೂ ಹೇಳಲಿಲ್ಲ. ಅವರಿಗೆ ಸೋಮವಾರ, ಗುರುವಾರ ಡಯಾಲಿಸಿಸ್. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿರಬೇಕು. ಹೋಗುವುದು ಇದೇ ಕಾರಿನಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಸೋಮವಾರಕ್ಕ ಆಟೋ ಹೇಳಿ ಇಡಬೇಕೇನಪಾ?”

ಆ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ. ಮಗನ ಸಂತೋಷಕ್ಕೆ ಅಡ್ಡಿಯಾಗಬಾರದೆಂಬ ಸಂಕೋಚ ಮಾತ್ರ ಇತ್ತು. ನ್ಯಾಯಾಲಯದ ತೀರ್ಪು ಮಾಡದ ಕೆಲಸವನ್ನು ಆ ಸಂಕೋಚ ಮಾಡಿತು. “ಬ್ಯಾಡಪ್ಪಾ, ನಮ್ಮ ಗಾಡ್ಯಾಗ ಹೋಗೂಣು” ಎಂದು ಮಗ ಪೆನ್ನು ಕೈಗೆತ್ತಿಕೊಂಡರು.

ಹೊಸ ಯೋಜನೆ ಹೀಗೆ ಸಿದ್ಧವಾಯಿತು. ಬೇಕಾದ ಸಾಮಾನೆಲ್ಲ ಕೈಗೆ ಬಂದ ಮೇಲೆಯೇ ಮೊದಲ ಬೋಲ್ಟು ಬಿಚ್ಚುವುದು. ಶನಿವಾರ ಬೆಳಿಗ್ಗೆ ಸ್ಕ್ಯಾನರಿನಿಂದ ಎಂಜಿನ್ನಿನ ದೋಷಗಳ ಓದು. ಬ್ರೇಕ್ ಪ್ಯಾಡು, ಆಯಿಲ್, ಹಿಂಬದಿಯ ಡ್ರಮ್ಮುಗಳ ತಪಾಸಣೆ. ಟಯರಿನ ಮೇಲೆ ಅಚ್ಚಾದ ವಾರ ಮತ್ತು ವರ್ಷದ ಅಂಕಿಗಳನ್ನು ನೋಡಿ ಹಳತಾದವುಗಳ ಬದಲಾವಣೆ. ಮಧ್ಯಾಹ್ನ ಪ್ಲಗ್ಗು, ಫಿಲ್ಟರ್, ಎಂಜಿನ್ ಆಯಿಲ್. ಜೊತೆಗೆ ಟರ್ಬೊದ ಗಾಳಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಕೊಳವೆಗಳ ಕೀಲುಕೀಲಿನ ಪರೀಕ್ಷೆ. ಸೋರಿಕೆಯಿದ್ದರೆ ಇರುವ ಬಲವೇ ಪೂರ್ತಿ ಸಿಗುತ್ತಿಲ್ಲವೆಂದು ಅರ್ಥ. ಅಂಥಲ್ಲಿ ಹೊಸ ಬಲವನ್ನು ಬೇಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ರವಿವಾರ ಬೆಳಿಗ್ಗೆ ಧಾರವಾಡದವರೆಗೆ ನಿಧಾನವಾಗಿ ಹೋಗಿ ಬಂದು, ಮತ್ತೊಮ್ಮೆ ಸ್ಕ್ಯಾನ್ ಮಾಡುವುದು. ಮಧ್ಯಾಹ್ನವನ್ನು ಬೇಕೆಂದೇ ಖಾಲಿ ಬಿಟ್ಟರು. ಬೋಲ್ಟೊಂದು ಮುರಿದರೆ ಸರಿಪಡಿಸಲು ಹೊತ್ತು ಬೇಕಲ್ಲವೇ? ರೀಮ್ಯಾಪಿನ ಸಾಲಿನ ಮೇಲೆ ಗೆರೆ ಬಿತ್ತು.

1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹೊಂದಿದ ಮೊದಮೊದಲ ಕಾರುಗಳಲ್ಲೊಂದು. ಅದರ ಎಂಜಿನ್ನಿನ ರಕ್ಷಣೆಗೆ ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಪ್ರತ್ಯೇಕವಾಗಿ ತುಂಬಬೇಕಿತ್ತು. ಬಲವನ್ನು ಮೆಚ್ಚಿ ಕೊಂಡವರಲ್ಲಿ ಅನೇಕರು ಆ ದ್ರವವನ್ನು ತುಂಬುವುದನ್ನೇ ಮರೆತರು. ಶಕ್ತಿಯನ್ನು ಪಡೆಯುವುದು ಒಂದು ದಿನದ ಕೆಲಸ. ಅದನ್ನು ಕಾಯುವುದು ದಿನದಿನದ ಕೆಲಸ. ಯಾರನ್ನು ಎಲ್ಲಿಗೆ ತಲುಪಿಸಬೇಕೆಂಬ ಅರಿವು ಇದ್ದವನಿಗೆ ಎಷ್ಟು ವೇಗ ಬೇಕೆಂಬುದೂ ತಾನಾಗಿಯೇ ತಿಳಿಯುತ್ತದೆ.