ಗಾಡಿಮನೆಗೆ ಮಲೆನಾಡಿನ ಚಳಿ

ಮಲೆನಾಡಿಗೆ ಬರುವ ಪ್ರವಾಸಿಗರು ಮರೆಯದೆ ಕೊಡೆ ತರುತ್ತಾರೆ, ಕಂಬಳಿ ತರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದೊಡನೆ ಬಯಲುಸೀಮೆಯವರ ಕಣ್ಣಿಗೆ ಕಟ್ಟುವುದು ಮಳೆ. ಇಲ್ಲಿನ ಚಳಿಗೆ ಆ ಹೆಸರಿಲ್ಲ. ಆದರೆ ಶಾಲೆ ಕಾಲೇಜುಗಳ ಪ್ರವಾಸದ ಕಾಲ ಡಿಸೆಂಬರ್, ಜನವರಿ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನವಾದ್ದರಿಂದ ಕುಪ್ಪಳಿಗೆ ಆ ವಾರ ಬಸ್ಸುಗಳ ಸಾಲು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ಜಾತ್ರೆ. ಬೆಳಕು ಹರಿಯುವ ಮೊದಲೇ ತುಂಗೆಯಲ್ಲಿ ಮುಳುಗೇಳುವ ಭಕ್ತರ ಹಲ್ಲುಗಳು ಕಟಕಟನೆ ತಾಳ ಹಾಕುವುದನ್ನು ಕೇಳಿದವರಿಗೆ ಮಲೆನಾಡಿನ ಚಳಿಯ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಹೊಸದೊಂದು ಬಗೆಯ ಪ್ರವಾಸಿ ಕಾಣಿಸಿಕೊಂಡಿದ್ದಾನೆ. ವ್ಯಾನಿನ ಹಿಂಬದಿಗೆ ಹಾಸಿಗೆ, ಪುಟ್ಟ ಒಲೆ, ನೀರಿನ ಕ್ಯಾನು ಜೋಡಿಸಿಕೊಂಡು ಹೆಂಡತಿ ಮಕ್ಕಳೊಂದಿಗೆ ಹೊರಟುಬಿಡುವವನು. ಕಾರಿನ ಹಿಂದೆ ಪುಟ್ಟ ಮನೆಯನ್ನೇ ಎಳೆದುಕೊಂಡು ಹೋಗುವುದು ಅಮೆರಿಕ, ಯುರೋಪುಗಳಲ್ಲಿ ಹಳೆಯ ಸಂಗತಿ. ನಮ್ಮ ತಿರುವು ರಸ್ತೆಗಳಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ, ವ್ಯಾನೇ ವಾಸಿ. 2025ರ ಜುಲೈಯಲ್ಲಿ ಸಿಗಂದೂರಿನ ದಾರಿಯ ಸೇತುವೆ ತೆರೆದ ಮೇಲಂತೂ ಲಾಂಚಿಗೆ ಕಾಯುವ ಕೆಲಸವೂ ತಪ್ಪಿ, ಶರಾವತಿ ಹಿನ್ನೀರಿನ ಆಚೆಗೂ ಗಾಡಿಗಳು ಸಲೀಸಾಗಿ ದಾಟುತ್ತಿವೆ. ಹಗಲೆಲ್ಲ ಸುಖ. ರಾತ್ರಿ ಹತ್ತು ದಾಟಿದ ಮೇಲೆ ಗಾಡಿಯ ತಗಡು ಐಸಿನಂತಾಗುತ್ತದೆ.

ಮಲೆನಾಡಿನ ಚಳಿ ಎಲ್ಲ ಕಡೆ ಒಂದೇ ತರಹದ್ದಲ್ಲ. 1343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ಚುಚ್ಚುವುದು ಗಾಳಿ. ಕೆಳಗೆ, ಅಡಿಕೆ ತೋಟದ ಕಣಿವೆಗಳಲ್ಲಿ, ಗಾಳಿ ಅಲುಗುವುದೇ ಇಲ್ಲ. ಆದರೂ ಬೆಳಗಿನ ಜಾವ ಮೂಳೆ ಕೊರೆಯುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲಕ್ಕೆ ತಾಗಿದ ಗಾಳಿ ತಣಿದು ಭಾರವಾಗುತ್ತದೆ, ಭಾರವಾದದ್ದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಳೆಯ ಮನೆಗಳು ಅನೇಕ ಕಡೆ ಕಣಿವೆಯ ತಳ ಬಿಟ್ಟು ದಿಬ್ಬದ ಪಕ್ಕೆಯಲ್ಲಿರುವುದಕ್ಕೆ ಗದ್ದೆಯ ನೆಲ ಉಳಿಸುವುದೂ ಮಳೆನೀರಿನ ಭಯವೂ ಕಾರಣವಿರಬಹುದು. ಚಳಿಯ ಲೆಕ್ಕದಲ್ಲೂ ಅದು ಜಾಣತನವೇ. ಗಾಡಿ ನಿಲ್ಲಿಸುವವರಿಗೂ ಜಾಗ ಅದೇ: ತುದಿಯೂ ಬೇಡ, ತಳವೂ ಬೇಡ, ಬೆಳಗಿನ ಬಿಸಿಲು ಬೀಳುವ ಪೂರ್ವದ ಇಳಿಜಾರು. ಹೊನ್ನೇಮರಡಿನಂಥ ಹಿನ್ನೀರಿನ ಅಂಚು ಸೊಗಸು ನಿಜ. ನೀರು ನೆಲದಷ್ಟು ಬೇಗ ತಣಿಯದು, ಆದರೆ ಬೆಳಗಾಗುವುದರೊಳಗೆ ಇಬ್ಬನಿ ಹಾಸಿಗೆಯನ್ನೆಲ್ಲ ಒದ್ದೆ ಮಾಡೀತು.

ಇಲ್ಲಿನವರು ಚಳಿಯನ್ನು ಗೆಲ್ಲುವ ರೀತಿ ನೋಡಬೇಕಾದರೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಬರಬೇಕು. ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು, ಪಕ್ಕದಲ್ಲಿ ಅಡಿಕೆ ಬೇಯುವ ದೊಡ್ಡ ಹಂಡೆ, ಚೊಗರಿನ ವಾಸನೆ, ನಡುನಡುವೆ ಕಾಫಿ, ಊರ ಮೇಲಿನ ಮಾತು. ಆಲೆಮನೆಯ ಕೊಪ್ಪರಿಗೆಯ ಸುತ್ತಲಿನ ಸುಖವೂ ಅಂಥದ್ದೇ. ಬೆನ್ನಿಗೆ ಚಳಿ, ಮುಖಕ್ಕೆ ಬೆಂಕಿ, ಕೈಯಲ್ಲಿ ಬಿಸಿ ಬೆಲ್ಲ. ಗಮನಿಸಿ, ಇವೆಲ್ಲ ನಡೆಯುವುದು ಅಂಗಳದಲ್ಲಿ, ಚಪ್ಪರದಡಿಯಲ್ಲಿ. ಮನೆಯೊಳಗೆ ನಿತ್ಯ ಉರಿಯುವ ದೊಡ್ಡ ಬೆಂಕಿಯೆಂದರೆ ಬಚ್ಚಲೊಲೆ. ಕೆಲವು ಮನೆಗಳಲ್ಲಿ ಅದರ ಬಾಯಿಯೂ ಗೋಡೆಯಾಚೆಗೇ ಇರುತ್ತದೆ: ಕಟ್ಟಿಗೆ ತುರುಕುವುದು ಹೊರಗಿನಿಂದ, ಹೊಗೆ ಹೊರಗೆ, ಬಿಸಿನೀರು ಮಾತ್ರ ಒಳಗೆ. ಹೆಂಚಿನ ಸಂದಿ, ಗೋಡೆಯ ಕಿಂಡಿಗಳಂತೂ ಮನೆಯ ಉಸಿರಾಟಕ್ಕೆ ಇದ್ದೇ ಇರುತ್ತವೆ.

ಗಾಡಿಮನೆಯವನು ತಪ್ಪುವುದು ಇಲ್ಲಿಯೇ. ಚಳಿ ತಾಳಲಾರದೆ ಕಿಟಕಿಗಳನ್ನೆಲ್ಲ ಬಿಗಿದು, ಬಾಣಲೆಯಲ್ಲಿ ನಾಲ್ಕು ಕೆಂಡ ತಂದಿಟ್ಟುಕೊಳ್ಳುತ್ತಾನೆ, ಇಲ್ಲವೆ ಗ್ಯಾಸ್ ಒಲೆಯನ್ನು ಸಣ್ಣಗೆ ಉರಿಯಲು ಬಿಟ್ಟು ಮಲಗುತ್ತಾನೆ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲವೆಂಬುದೇ ಮೋಸ. ಸಾಕಷ್ಟು ಗಾಳಿ ಸಿಗದೆ ಉರಿದ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆ ಈ ಅನಿಲದ ಮೇಲೆ. ಮೊದಲು ತಲೆನೋವು, ಹೊಟ್ಟೆ ತೊಳಸು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಮೊದಲಿನ ಎರಡು ಎಚ್ಚರಿಕೆಗಳೂ ತಿಳಿಯುವುದಿಲ್ಲ.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ 8 ಮಂದಿ ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದವರು ಏಳಲಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಬಳಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತಿದ್ದು ಬೆಳಕಿಗೆ ಬಂತು. ಅಲ್ಲಿ ಕೆಂಡವೂ ಇರಲಿಲ್ಲ, ಹೀಟರೂ ಇರಲಿಲ್ಲ. ಗಾಡಿಯ ಜನರೇಟರಿನಿಂದ ಹೊರಟ ಅನಿಲ ಒಳಗೆ ನುಸುಳಿತ್ತು. ಎಂಜಿನ್ ಚಾಲೂ ಇಟ್ಟು ಮಲಗುವುದಕ್ಕೂ ಇದೇ ಭಯ.

ಗ್ಯಾಸ್ ಉರಿಗೆ ಇನ್ನೊಂದು ಗುಣವಿದೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಆ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಹಾಸಿಗೆಗೆ ಬೀಳುತ್ತದೆ. ಒದ್ದೆ ಹೊದಿಕೆ ಚಳಿಯನ್ನು ತಡೆಯುವುದಿಲ್ಲ, ಕರೆಯುತ್ತದೆ. ತಣ್ಣನೆಯ ದೇಶಗಳ ಗಾಡಿಮನೆಗಳ ಡೀಸೆಲ್ ಹೀಟರುಗಳು ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಕೊಳವೆಯಲ್ಲಿ ಹೊರಗೇ ಬಿಟ್ಟು, ಕಾವನ್ನು ಮಾತ್ರ ಒಳಗೆ ಕೊಡುತ್ತವೆ. ನಮ್ಮ ಬಚ್ಚಲೊಲೆಯ ಬುದ್ಧಿಯೇ.

ಹಾಗಾದರೆ ಬ್ಯಾಟರಿಯಿಂದ ಹೀಟರ್ ನಡೆಸಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಮಾಡಿ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿರುವುದು 1200 ವಾಟ್-ಅವರ್. 1000 ವಾಟ್ ಹೀಟರ್ ಅದನ್ನು ಒಂದು ಗಂಟೆ ಚಿಲ್ಲರೆಯಲ್ಲಿ ನುಂಗಿಹಾಕುತ್ತದೆ, ಬೆಳಿಗ್ಗೆ ಗಾಡಿ ತಳ್ಳಬೇಕು. ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಮಲಗಿದ ಮನುಷ್ಯ ಒಬ್ಬೊಬ್ಬನೂ 70-80 ವಾಟ್ ಕಾವು ಬಿಡುತ್ತಾನೆ. ನಾಲ್ವರ ಸಂಸಾರವೆಂದರೆ 300 ವಾಟಿನ, ಬಿಲ್ಲಿಲ್ಲದ ಹೀಟರ್. ಅದನ್ನು ಸೋರದಂತೆ ಹಿಡಿದಿಟ್ಟರೆ ಅರ್ಧ ಕೆಲಸ ಮುಗಿಯಿತು.

ಹಿಡಿದಿಡುವುದು ಕೆಳಗಿನಿಂದ ಶುರುವಾಗಬೇಕು. ಮೇಲೆ ಎರಡು ರಗ್ಗು ಹೊದ್ದು ಕೆಳಗೆ ಬರಿಯ ಜಮಖಾನ ಹಾಸುವುದು ನಮ್ಮವರ ಅಭ್ಯಾಸ. ಮೈಭಾರಕ್ಕೆ ಅಪ್ಪಚ್ಚಿಯಾದ ಹಾಸು ಕಾವು ತಡೆಯುವುದಿಲ್ಲ. ದಪ್ಪ ಫೋಮ್, ಅದರ ಮೇಲೆ ಉಣ್ಣೆಯ ಕಂಬಳಿ, ತಲೆಗೆ ಟೋಪಿ. ಕಿಟಕಿಯ ಗಾಜಿಗೆ ಒಳಗಿನಿಂದ ದಪ್ಪ ರಟ್ಟು. ಎದುರುಬದುರಿನ ಎರಡು ಕಿಟಕಿ ಮಾತ್ರ ಎರಡು ಬೆರಳಷ್ಟು ತೆರೆದೇ ಇರಲಿ, ಉಸಿರಿನ ತೇವ ಹೋಗಬೇಕು. ಮಲಗುವ ಮುನ್ನ ಹೊರಗೆ ಕಾಯಿಸಿದ ಒಂದು ಲೀಟರ್ ಬಿಸಿನೀರನ್ನು ರಬ್ಬರ್ ಚೀಲಕ್ಕೆ ತುಂಬಿ ಬಟ್ಟೆ ಸುತ್ತಿ ಕಾಲ ಬುಡದಲ್ಲಿಟ್ಟುಕೊಳ್ಳಿ. 80 ಡಿಗ್ರಿಯಿಂದ 35ಕ್ಕೆ ಇಳಿಯುವಷ್ಟರಲ್ಲಿ ಅದು 45 ಕಿಲೋ ಕ್ಯಾಲರಿ ಕೊಡುತ್ತದೆ. ಹೊಳೆಯ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ತರುವ ಸಾಹಸ ಬೇಡ. ನೀರು ಹೀರಿದ ಕಲ್ಲು ಸಿಡಿಯುತ್ತದೆ.

ಕಾಡಿನ ತರಗೆಲೆ ಗುಡಿಸಿ ಹಾಸಿಕೊಳ್ಳುವುದು ಸಿನಿಮಾದಲ್ಲಿ ಚೆನ್ನ. ಈ ಮೂರು ತಾಲ್ಲೂಕುಗಳಲ್ಲಿ ಖಂಡಿತ ಕೂಡದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ತರಗೆಲೆಯಲ್ಲಿರುವ ಉಣುಗು. ಅದು ಚುರುಕಾಗುವುದೂ ಚಳಿಗಾಲದಿಂದ ಬೇಸಿಗೆಯವರೆಗೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನ ಹಳ್ಳಿಗಳು ಅನುಭವಿಸಿದ ಸಂಕಟ ಅಲ್ಲಿನ ಜನ ಇನ್ನೂ ಮರೆತಿಲ್ಲ. ಮಂಗ ಸತ್ತ ಸುದ್ದಿ ಇರುವ ಕಡೆ ತಂಗಲೇಬಾರದು. ಅರಣ್ಯದೊಳಗೆ ಅನುಮತಿಯಿಲ್ಲದೆ ಉಳಿಯುವುದೂ ಬೆಂಕಿ ಹಾಕುವುದೂ ಅಪರಾಧ ಎಂಬುದು ಬೇರೆ ಮಾತು.

ಅದಕ್ಕಿಂತ ಊರೊಳಗಿನ ಯಾವುದಾದರೂ ಮನೆಯವರನ್ನು ಕೇಳಿ ಅವರ ಅಂಗಳದಲ್ಲೇ ಗಾಡಿ ನಿಲ್ಲಿಸುವುದು ಮೇಲು. ಸಂಜೆ ಅಡಿಕೆ ಸುಲಿಯುವಲ್ಲಿ ಮಕ್ಕಳಿಗೂ ಒಂದು ಜಾಗ ಸಿಕ್ಕೀತು, ಬೆಳಿಗ್ಗೆ ಬಚ್ಚಲ ಹಂಡೆಯಲ್ಲಿ ನಾಲ್ಕು ಬಕೆಟ್ ಬಿಸಿನೀರು. ಬಿಸಿಲೇರಿ ಮಂಜು ಕರಗಿದ ಮೇಲೆ ಗಾಡಿಯ ಬಾಗಿಲುಗಳನ್ನೆಲ್ಲ ತೆಗೆದು, ಕಂಬಳಿಗಳನ್ನು ಅಂಗಳದ ಹಗ್ಗಕ್ಕೆ ಹಾಕಿ, ತಗಡಿನ ಒಳಮೈ ಒರೆಸಿ ಒಣಗಿಸಿದರೆ ಮರುದಿನದ ರಾತ್ರಿಗೆ ಹಾಸಿಗೆ ಬೆಚ್ಚಗಿರುತ್ತದೆ.