ಕಲ್ಪವೃಕ್ಷಗಳು ಮರೆಯಾದ ಮೇಲೆ

ಕನ್ನಡ ಎಂ.ಎ. ತರಗತಿಗೆ ಸೇರಬೇಕೆಂದಿರುವ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿಗಳು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಇದನ್ನು ಓದಿದರೆ ಕೆಲಸ ಸಿಗುತ್ತದೆಯೆ?’ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಬಸದಿ, ಶಾಸನಗಳ ನೆಪದಲ್ಲಿ ತಿರುಗಾಡುವಾಗಲೂ ಊರಿನ ಹಿರಿಯರು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಈ ಪ್ರಶ್ನೆಯನ್ನು ಕೀಳೆಂದು ತಳ್ಳಿಹಾಕುವ ಹಕ್ಕು ಸಂಬಳ ಪಡೆದು ಪಾಠ ಹೇಳುವ ನಮಗೆ ಇಲ್ಲ. ಹಾಗೆಂದು ಆ ಪ್ರಶ್ನೆಯೊಂದನ್ನೇ ಅಳತೆಗೋಲಾಗಿಸಿಕೊಂಡು ವಿದ್ಯೆಯನ್ನು ಆರಿಸುವುದು ಸರಿಯೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಜೈನ ಪುರಾಣಗಳಲ್ಲಿ ಜೀವನೋಪಾಯದ ಸಮಸ್ಯೆಗೆ ಒಂದು ಆದಿಕಥೆಯಿದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನು ಕೊಡುತ್ತಿದ್ದವು; ಯಾರೂ ಯಾವ ಕಸುಬನ್ನೂ ಕಲಿಯಬೇಕಾಗಿರಲಿಲ್ಲ. ಕಾಲ ಕಳೆದಂತೆ ಆ ವೃಕ್ಷಗಳು ಮರೆಯಾದವು. ಹಸಿದ ಪ್ರಜೆಗಳು ವೃಷಭದೇವನ ಬಳಿಗೆ ಬಂದರು. ಆತ ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದ. ಜಿನಸೇನಾಚಾರ್ಯರ ಕೃತಿಯನ್ನು ಓದುವವರು ಒಂದು ಕ್ರಮವನ್ನು ಗಮನಿಸಬೇಕು. ಪ್ರಜೆಗಳಿಗೆ ಕಸುಬು ಕಲಿಸುವ ಮೊದಲು ವೃಷಭದೇವ ಮಗಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸುತ್ತಾನೆ. ಗಂಡುಮಕ್ಕಳಿಗೂ ಶಾಸ್ತ್ರಗಳನ್ನು ಹಂಚಿಕೊಡುತ್ತಾನೆ. ಬಾಹುಬಲಿಯೊಬ್ಬನೇ ಆಯುರ್ವೇದ, ಧನುರ್ವೇದ, ಅಶ್ವಗಜಲಕ್ಷಣ, ರತ್ನಪರೀಕ್ಷೆಗಳನ್ನು ಕಲಿಯುತ್ತಾನೆ. ಅಕ್ಷರ ಮತ್ತು ಅಂಕ ಮೊದಲು, ಆಮೇಲೆ ಕಸುಬು. ಎರಡನ್ನೂ ಕಲಿಸಿದವನು ಒಬ್ಬನೇ ಗುರು.

ನಮ್ಮ ಸೀಮೆಯಲ್ಲಿಯೂ ಕಲ್ಪವೃಕ್ಷಗಳು ಮರೆಯಾದುದನ್ನು ನಾನು ಕಂಡಿದ್ದೇನೆ. 2000ರ ದಶಕದಲ್ಲಿ ಪಿಯುಸಿ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಡಿ.ಇಡಿ. ಎಂಬುದು ಅಂಥದೊಂದು ವೃಕ್ಷವಾಗಿತ್ತು. ಎರಡು ವರ್ಷದ ತರಬೇತಿ, ನಂತರ ಪ್ರಾಥಮಿಕ ಶಾಲೆಯ ಮೇಷ್ಟರ ಕೆಲಸ. ಹೊಲ ಅಡವಿಟ್ಟಾದರೂ ಸೇರಿಸಿದವರಿದ್ದರು. ಬಳಿಕ ನೇಮಕಾತಿಗಳು ವಿರಳವಾದವು. 2010ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಕಡ್ಡಾಯವಾಯಿತು. ಆರರಿಂದ ಎಂಟನೆಯ ತರಗತಿಯ ಹುದ್ದೆಗಳಿಗೆ ಪದವಿ ಬೇಕೆಂದಾಯಿತು. ಡಿ.ಇಡಿ. ಕಾಲೇಜುಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಒಂದೇ ಹುದ್ದೆಯ ಅಳತೆಗೆ ಹೊಲಿದ ಅಂಗಿ ಆ ಹುದ್ದೆ ಇಲ್ಲದಾದಾಗ ಯಾರ ಮೈಗೂ ಒಗ್ಗಲಿಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯೂ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿ ಗುತ್ತಿಗೆಗೆ ಹೋದ ಮೇಲೆ ಮತ್ತೆ ಹೊಗೆಯಾಡಿತು. ಅಷ್ಟು ದಿನ ಅದನ್ನೇ ನಂಬಿದವರ ಪಾಡನ್ನು ಊಹಿಸುವುದು ಕಷ್ಟವಲ್ಲ.

ಇದಕ್ಕೆ ಎದುರಾಗಿ ಈ ತಾಲ್ಲೂಕುಗಳ ಹಿರಿಯರನ್ನು ಹೆಸರಿಸುವುದು ನಮ್ಮಂಥವರ ಅಭ್ಯಾಸ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು, ಸರ್ಕಾರಿ ಕಚೇರಿಯಲ್ಲಿ ದುಡಿಯುತ್ತಲೇ 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ಕೊಟ್ಟರು. ಮೇಲುಕೋಟೆಯ ಪು.ತಿ.ನ. ಸೈನ್ಯ ಇಲಾಖೆಯ ಕಚೇರಿಯಲ್ಲಿದ್ದರು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಅಧ್ಯಾಪಕರಾಗಿದ್ದು ಕನ್ನಡ ಪ್ರಬಂಧಕ್ಕೆ ಹೊಸ ನಡೆ ಕಲಿಸಿದರು. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಆಡಳಿತಾಧಿಕಾರಿಯಾಗಿದ್ದವರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ ಮುಂದೆ ಜಾನಪದ ಲೋಕವನ್ನು ಕಟ್ಟಿದರು. ಈ ಮಾಲಿಕೆ ಕೇಳಲು ಇಂಪಾಗಿದೆ. ಆದರೆ ಇಂದಿನ ವಿದ್ಯಾರ್ಥಿಗೆ ಇದರಿಂದ ಸಮಾಧಾನವಾಗಲಾರದು. ಓದಿದವರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಒಳ್ಳೆಯ ಕೈಬರಹ, ತಪ್ಪಿಲ್ಲದ ಒಕ್ಕಣೆ ಇದ್ದವನಿಗೆ ಕಚೇರಿಯೊಂದು ಬಾಗಿಲು ತೆರೆಯುತ್ತಿತ್ತು. ಇಂದು ಅದೇ ಗುಮಾಸ್ತಿಕೆಗೆ ಎಂ.ಎ., ಬಿ.ಇ. ಆದವರು ಸಾಲುಗಟ್ಟಿ ನಿಂತಿದ್ದಾರೆ. ವಿಶಾಲವಾದ ಓದು ತಾನಾಗಿಯೇ ಅನ್ನ ಕೊಡುತ್ತದೆ ಎಂದು ಹೇಳುವುದು ಸತ್ಯಾಣುವ್ರತಕ್ಕೆ ವಿರುದ್ಧವಾದ ಮಾತಾದೀತು.

ಹಾಗಾದರೆ ಅದು ಕೊಡುವುದೇನು? ಶಾಸನಾಧ್ಯಯನದ ಉದಾಹರಣೆಯಿಂದ ಹೇಳುವುದು ನನಗೆ ಸುಲಭ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯ ಆವರಣದಲ್ಲಿ 1118ರ ಒಂದು ಶಾಸನವಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಬಿಂಡಿಗನವಿಲೆಯನ್ನು ದತ್ತಿಯಾಗಿ ಬಿಟ್ಟ ಸಂಗತಿ ಅದರಲ್ಲಿದೆ. ಇಂಥದೊಂದು ಶಾಸನವನ್ನು ಓದಲು ಲಿಪಿ ಗೊತ್ತಿದ್ದರೆ ಸಾಲದು. ಹಳಗನ್ನಡದ ವ್ಯಾಕರಣ ಬೇಕು. ಶಕವರ್ಷಕ್ಕೆ 78 ಕೂಡಿಸುವ, ಸಂವತ್ಸರದೊಡನೆ ತಾಳೆ ನೋಡುವ ಲೆಕ್ಕ ಬೇಕು. ಗದ್ಯಾಣ, ಹಣ, ಕಂಡುಗ, ಸಲಗೆಗಳ ತಿಳಿವು ಬೇಕು. ಮೂಲಸಂಘ, ದೇಶಿಗಣ, ಪುಸ್ತಕಗಚ್ಛಗಳ ಪರಂಪರೆ ಗೊತ್ತಿರಬೇಕು. ಎಲ್ಲೆ ಹೇಳುವ ಹಳ್ಳ, ದಿಣ್ಣೆ, ಕೆರೆಗಳನ್ನು ಇಂದಿನ ನೆಲದ ಮೇಲೆ ಹುಡುಕಲು ಊರಿನ ರೈತನ ಮಾತನ್ನು ಕೇಳುವ ತಾಳ್ಮೆ ಬೇಕು. ಇವು ಸೇರಿದಾಗ ಹುಟ್ಟುವುದು ಒಂದು ಅಭ್ಯಾಸ: ತಿಳಿಯದ ವಿಷಯದ ಮುಂದೆ ಕುಳಿತು, ಅದನ್ನು ತಿಳಿಯಲು ಯಾವ ಬಾಗಿಲು ತಟ್ಟಬೇಕೆಂದು ಕಂಡುಕೊಳ್ಳುವುದು.

ಡಿ.ಇಡಿ. ಮುಗಿಸಿ ಕೆಲಸ ಸಿಗದೆ, ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತ, ಬಳಿಕ ಎಂ.ಎ. ಓದಿದ ನಾಗಮಂಗಲದ ಕಡೆಯ ವಿದ್ಯಾರ್ಥಿಯೊಬ್ಬರು ನನ್ನ ಬಳಿ ಶಾಸನ ಓದಲು ಕಲಿತರು. ಅವರಿಗೆ ಇಂದಿಗೂ ಖಾಯಂ ಹುದ್ದೆಯಿಲ್ಲ. ಅತಿಥಿ ಉಪನ್ಯಾಸಕರಾಗಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಹೇಳುತ್ತಾರೆ, ಮೋಡಿ ಬರಹದಂತೆ ಕಾಣುವ ಹಳೆಯ ಕ್ರಯಪತ್ರಗಳನ್ನು ಓದಿ ಹೇಳಿರೆಂದು ಸುತ್ತಲಿನ ರೈತರು ಅವರ ಮನೆಗೆ ಬರುತ್ತಾರೆ. ‘ಮೊದಲ ತರಬೇತಿ ನನಗೆ ಒಂದು ಬಾಗಿಲು ತೋರಿಸಿ, ಅದು ಮುಚ್ಚಿದಾಗ ಸುಮ್ಮನಾಯಿತು ಸಾರ್. ಈಗ ಬಾಗಿಲು ಹುಡುಕುವುದು ಗೊತ್ತಿದೆ’ ಎಂದು ಒಮ್ಮೆ ಹೇಳಿದರು. ಅವರ ಬದುಕು ಸುಗಮವೆಂದು ನಾನು ಹೇಳಲಾರೆ. ಅವರು ಕೈಚೆಲ್ಲಿ ಕುಳಿತಿಲ್ಲ ಎಂಬುದಂತೂ ನಿಜ.

ತತ್ತ್ವಾರ್ಥಸೂತ್ರ ಅರಿವಿನ ಸಾಧನಗಳಾಗಿ ಪ್ರಮಾಣವನ್ನೂ ನಯವನ್ನೂ ಹೇಳುತ್ತದೆ. ನಯವೆಂದರೆ ವಸ್ತುವಿನ ಒಂದು ಮುಖವನ್ನು ಹಿಡಿಯುವ ದೃಷ್ಟಿ. ಅದು ಸುಳ್ಳಲ್ಲ, ಉಳಿದ ಮುಖಗಳನ್ನು ಅಲ್ಲಗಳೆದಾಗ ಮಾತ್ರ ದುರ್ನಯವಾಗುತ್ತದೆ. ಕೆಲಸದ ತರಬೇತಿ ಒಂದು ನಯ. ವಿದ್ಯೆಯೆಂದರೆ ಇಷ್ಟೇ ಎಂದು ಅದು ಹೇಳತೊಡಗಿದರೆ ದುರ್ನಯ. ಸಾಹಿತ್ಯದ ಓದೂ ಒಂದು ನಯವೇ. ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಬಾರದ, ಒಂದು ಅರ್ಜಿಯನ್ನು ನೆಟ್ಟಗೆ ಬರೆಯಲಾರದ ಎಂ.ಎ. ಪದವೀಧರರನ್ನು ಹೊರಗೆ ಕಳುಹಿಸಿ ‘ನಾವು ಸಂಸ್ಕಾರ ಕೊಟ್ಟಿದ್ದೇವೆ’ ಎನ್ನುವ ವಿಭಾಗಗಳದೂ ದುರ್ನಯವೇ. ನಮ್ಮ ಪ್ರಾಚೀನರಿಗೆ ಈ ಬಿರುಕು ಗೊತ್ತಿರಲಿಲ್ಲ. 12ನೆಯ ಶತಮಾನದ ರಾಜಾದಿತ್ಯ ವ್ಯಾಪಾರಿಗೂ ಅಳತೆಯವನಿಗೂ ಬೇಕಾದ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ, ಕೀರ್ತಿವರ್ಮ ದನಕರುಗಳ ರೋಗಕ್ಕೆ ‘ಗೋವೈದ್ಯ’ ಬರೆದ. ಇಬ್ಬರೂ ಜೈನರು, ಇಬ್ಬರನ್ನೂ ನಮ್ಮ ಸಾಹಿತ್ಯ ಚರಿತ್ರೆ ಕವಿಗಳ ಸಾಲಿನಲ್ಲಿಯೇ ಎಣಿಸುತ್ತದೆ.

ಆದ್ದರಿಂದ ಕೇಳುವ ವಿದ್ಯಾರ್ಥಿಗಳಿಗೆ ನಾನು ಈಗ ಹೇಳುವುದಿಷ್ಟು. ಪಂಪನನ್ನು ಓದಿ, ಜೊತೆಗೆ ಅನುವಾದವನ್ನೋ ಕರಡು ತಿದ್ದುವುದನ್ನೋ ಹಸ್ತಪ್ರತಿ ಗಣಕೀಕರಣವನ್ನೋ ಕೈಗೆ ಒಗ್ಗಿಸಿಕೊಳ್ಳಿ. ಮನೆಯಲ್ಲಿ ತಕ್ಷಣ ದುಡಿಮೆ ಬೇಕಾಗಿದ್ದರೆ ಮೊದಲು ಕಸುಬನ್ನು ಕಲಿಯಿರಿ, ಅದರಲ್ಲಿ ಅವಮಾನವಿಲ್ಲ. ಶಾಸನ ಸಂಪುಟಗಳು ಗ್ರಂಥಾಲಯದಲ್ಲಿ ಕಾಯುತ್ತವೆ. ಷಟ್ಕರ್ಮಗಳಲ್ಲಿ ಮಸಿಯೂ ಇದೆ, ಕೃಷಿಯೂ ಇದೆ. ಯಾವುದನ್ನು ಹಿಡಿದರೂ ಬ್ರಾಹ್ಮಿಯ ಅಕ್ಷರವನ್ನೂ ಸುಂದರಿಯ ಅಂಕವನ್ನೂ ಬಿಡಬೇಡಿ.