ಕ್ಯಾಮರಾದೊಡನೆ ಬಜ್ಪೆಯ ಬೆಟ್ಟದಿಂದ

ಮಂಗಳೂರು ನೀರಿನ ನಗರ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ನೇತ್ರಾವತಿ, ಉತ್ತರದಿಂದ ಬಳಸಿ ಬರುವ ಗುರುಪುರ ನದಿ. ಎರಡೂ ಹೊಳೆಗಳು ಹಳೆಯ ಬಂದರಿನ ಬಳಿ ಕೂಡಿ ಕಡಲನ್ನು ಸೇರುತ್ತವೆ. ವಿಜಯಪುರದ ಕಡೆ ವರ್ಷವೊಂದಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಇಲ್ಲಿ ಸರಾಸರಿ 3,500 ಮಿಲಿಮೀಟರನ್ನೂ ಮೀರುತ್ತದೆ. ಬಯಲುಸೀಮೆಯಿಂದ ಬಂದವನ ಕಣ್ಣಿಗೆ ಈ ಹಸುರು, ಈ ಕೆಂಪು ಹೆಂಚಿನ ಮಾಡುಗಳು, ಈ ಮೋಡಗಳು ಎಷ್ಟು ನೋಡಿದರೂ ಸಾಲವು. ಕದ್ರಿಯ ಮಂಜುನಾಥ ದೇವಾಲಯದಲ್ಲಿ ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆಯತೊಡಗಿದ ಭಿತ್ತಿಚಿತ್ರಗಳಿವೆ. ಸುಲ್ತಾನ್ ಬತ್ತೇರಿಯಿದೆ, ಪಣಂಬೂರಿನ ಕಡಲತೀರವಿದೆ. ಕ್ಯಾಮರಾ ಕೈಯಲ್ಲಿಲ್ಲದೆ ಇಲ್ಲಿಗೆ ಬರುವವರು ಈಗ ವಿರಳ. ಹೀಗೆ ಬರುವವರಿಗೂ, ಇಲ್ಲಿಂದ ಹೊರಡುವವರಿಗೂ ಬಾಗಿಲಾಗಿರುವುದು ಬಜ್ಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣ.

ಈ ನಿಲ್ದಾಣದ ಕಥೆ 1951ರ ಡಿಸೆಂಬರ್ 25ರಂದು ಆರಂಭವಾಗುತ್ತದೆ. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದು ಇಲ್ಲಿ ಇಳಿದರು. ಗುಡ್ಡದ ನೆತ್ತಿಯನ್ನು ಮೇಜಿನಂತೆ ಸಮತಟ್ಟು ಮಾಡಿ ರಚಿಸಿದ ಓಡುದಾರಿ ಇದು. ಅದರ ತುದಿಗಳಾಚೆ ಕಣಿವೆ. ಮೊದಲ ಓಡುದಾರಿ ಸುಮಾರು 1,600 ಮೀಟರ್ ಉದ್ದದ್ದು. 2006ರಲ್ಲಿ ಬಳಕೆಗೆ ಬಂದ ಎರಡನೆಯದು 2,450 ಮೀಟರ್. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವು ಈ ದಾರಿಯನ್ನು ದಾಟಿ ಕಣಿವೆಗೆ ಬಿದ್ದು 158 ಜನ ಅಸುನೀಗಿದರು. ಎಂಟು ಜನ ಮಾತ್ರ ಬದುಕಿದರು. ಕೂಳೂರಿನ ಸಮೀಪ ನದಿಯ ದಂಡೆಯಲ್ಲಿ ಅವರ ಸ್ಮಾರಕವಿದೆ. ಆ ದುರಂತಕ್ಕೂ ಪ್ರಯಾಣಿಕರ ಸಾಮಾನಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ವಿಮಾನಯಾನದ ನಿಯಮಗಳೆಲ್ಲ ಬರಿಯ ಕಿರುಕುಳವೆಂದು ಈ ಊರಿನಲ್ಲಿ ನಿಂತು ಹಗುರವಾಗಿ ಆಡುವುದು ಯಾರಿಗೂ ಶೋಭಿಸದು. ಆ ನಿಯಮಗಳ ಹಿಂದೆ ಎಲ್ಲೋ ಒಂದೆಡೆ ಯಾರದೋ ಮನೆಯ ದುಃಖವಿರುತ್ತದೆ.

ಛಾಯಾಚಿತ್ರದ ಸಾಮಗ್ರಿಯನ್ನು ಜೋಪಾನವಾಗಿ ಸಾಗಿಸುವ ಚಿಂತೆ ಮಂಗಳೂರಿಗೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಇಲ್ಲಿಗೆ ಬಂದಾಗ ಛಾಯಾಗ್ರಹಣವೇ ಜಗತ್ತಿಗೆ ಪ್ರಕಟವಾಗಿರಲಿಲ್ಲ. ಆ ಶತಮಾನದ ಉತ್ತರಾರ್ಧದಲ್ಲಿ ಕ್ಯಾಮರಾ ಎಂದರೆ ಮರದ ಪೆಟ್ಟಿಗೆ, ಗಾಜಿನ ಫಲಕಗಳು, ರಾಸಾಯನಿಕದ ಸೀಸೆಗಳು, ಕತ್ತಲೆಗಾಗಿ ಒಂದು ಡೇರೆ. ಎತ್ತಿನ ಗಾಡಿಗೇ ಒಂದು ಹೊರೆ. ಆ ಕಾಲದ ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆ, ಮಗ್ಗದ ಶಾಲೆ, ಜನರ ಉಡಿಗೆ ತೊಡಿಗೆ ಇವುಗಳ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಇಂದಿಗೂ ಉಳಿದಿವೆ. ಕಡಲ ಗಾಳಿಯನ್ನೂ ಹಡಗಿನ ಕುಲುಕಾಟವನ್ನೂ ದಾಟಿ ಅವು ಸುರಕ್ಷಿತವಾಗಿ ಮುಟ್ಟಿದ್ದರಿಂದಲೇ ನಮ್ಮ ಹಿರಿಯರ ಕಾಲದ ಮಂಗಳೂರನ್ನು ಇಂದು ಕಣ್ಣಾರೆ ಕಾಣಲು ಸಾಧ್ಯವಾಗಿದೆ. ತೆಗೆದವನ ಕೌಶಲದಷ್ಟೇ ಕಟ್ಟಿದವನ ಎಚ್ಚರಕ್ಕೂ ಅದರಲ್ಲಿ ಪಾಲುಂಟು.

ಇಂದಿನ ಕ್ಯಾಮರಾ ಚಿಕ್ಕದಾಗಿದೆ, ಪಯಣ ಗಂಟೆಗಳಿಗೆ ಇಳಿದಿದೆ. ಆದರೂ ಮೂಲ ಪ್ರಶ್ನೆ ಬದಲಾಗಿಲ್ಲ: ಯಾವುದನ್ನು ಪರರ ಕೈಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು? ಇದಕ್ಕೆ ಎರಡೇ ಸೂತ್ರಗಳು ಸಾಕು. ಕಳೆದರೆ ಮತ್ತೆ ದೊರೆಯದುದು ನಮ್ಮ ಕೈಯಲ್ಲಿರಬೇಕು. ಕೆಟ್ಟರೆ ಇತರರಿಗೆ ಅಪಾಯ ತರುವುದು ನಮ್ಮ ಕಣ್ಣೆದುರಿಗಿರಬೇಕು. ಉಳಿದುದೆಲ್ಲ ವಿಮಾನದ ಹೊಟ್ಟೆಗೆ ಹೋದರೂ ಚಿಂತೆಯಿಲ್ಲ.

ಎರಡನೆಯ ಸೂತ್ರವನ್ನೇ ಮೊದಲು ನೋಡೋಣ. ಕ್ಯಾಮರಾದ ಬ್ಯಾಟರಿಗಳು ಲಿಥಿಯಂ ಜಾತಿಯವು. ಪೆಟ್ಟು ಬಿದ್ದರೆ, ಅಥವಾ ಅದರ ಎರಡು ತುದಿಗಳಿಗೆ ಬೀಗದ ಕೈಯೋ ನಾಣ್ಯವೋ ತಗುಲಿದರೆ, ಒಳಗೆ ಕಾವು ಹುಟ್ಟುತ್ತದೆ; ಆ ಕಾವು ಮತ್ತಷ್ಟು ಕಾವನ್ನು ಹುಟ್ಟಿಸಿ ಬೆಂಕಿಯಾಗುತ್ತದೆ. ಆಸನದ ಬಳಿ ಹೊಗೆ ಬಂದರೆ ಸಿಬ್ಬಂದಿ ನೀರು ಸುರಿದು ತಣಿಸಬಲ್ಲರು. ಕೆಳಗಿನ ಸಾಮಾನಿನ ಕೋಣೆಯಲ್ಲಿ ಹೊತ್ತಿದರೆ ಕಾಣುವವರು ಯಾರು? ಅಲ್ಲಿ ಬೆಂಕಿ ನಂದಿಸಲು ಇರುವ ಅನಿಲವು ಜ್ವಾಲೆಯನ್ನು ಅಡಗಿಸಬಲ್ಲುದೇ ಹೊರತು ಬ್ಯಾಟರಿಯ ಒಳಗಿನ ಕಾವನ್ನು ಇಳಿಸಲಾರದು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ, ಚಾಲಕರಿಬ್ಬರೂ ಪ್ರಾಣ ತೆತ್ತರು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಬಿಡಿ ಸರಕಾಗಿ ಸಾಗಿಸುವುದನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ನಿಷೇಧಿಸಿತು.

ಆದ್ದರಿಂದ ಬಿಡಿ ಬ್ಯಾಟರಿಗಳೂ ಪವರ್ ಬ್ಯಾಂಕುಗಳೂ ಕೈಚೀಲದಲ್ಲಿಯೇ ಇರತಕ್ಕದ್ದು. ಕ್ಯಾಮರಾದೊಳಗೇ ಇರುವ ಬ್ಯಾಟರಿಗೆ ನಿಯಮದಲ್ಲಿ ಕೊಂಚ ವಿನಾಯಿತಿಯಿದ್ದರೂ ಅದನ್ನು ಬಳಸದಿರುವುದೇ ಲೇಸು. ಬ್ಯಾಟರಿಯ ಅಳತೆ ವ್ಯಾಟ್ ಗಂಟೆ. ಲೆಕ್ಕ ಸುಲಭ: ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಮಿಲಿ ಆಂಪಿಯರ್ ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. 7.2 ವೋಲ್ಟಿನ, 2,000 ಮಿಲಿ ಆಂಪಿಯರ್ ಗಂಟೆಯ ಕ್ಯಾಮರಾ ಬ್ಯಾಟರಿಗೆ 14.4 ಬರುತ್ತದೆ. 3.7 ವೋಲ್ಟಿನ, 20,000 ಮಿಲಿ ಆಂಪಿಯರ್ ಗಂಟೆಯ ಪವರ್ ಬ್ಯಾಂಕಿಗೆ 74. ನೂರರವರೆಗೆ ಪೂರ್ವಾನುಮತಿ ಬೇಡ. 100ರಿಂದ 160ರವರೆಗಿನವು ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದು ಎರಡು ಮಾತ್ರ. ಅದನ್ನು ಮೀರಿದವು ಪ್ರಯಾಣಿಕನೊಡನೆ ಹೋಗುವಂತಿಲ್ಲ. ಪ್ರತಿಯೊಂದರ ಲೋಹದ ತುದಿಗೂ ಟೇಪು ಅಂಟಿಸಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಂದಕ್ಕೊಂದು ತಗುಲುವುದಿಲ್ಲ.

ಬಜ್ಪೆಯಲ್ಲಿ ಒಮ್ಮೆ ಮದುವೆಯ ಛಾಯಾಗ್ರಾಹಕರೊಬ್ಬರು ನನ್ನ ಮುಂದಿನ ಸರತಿಯಲ್ಲಿದ್ದರು. ಒಪ್ಪಿಸಿದ ಪೆಟ್ಟಿಗೆಯಲ್ಲಿ ಬ್ಯಾಟರಿ ಕಾಣುತ್ತಿದೆಯೆಂದು ಸಿಬ್ಬಂದಿ ಅವರನ್ನು ಕರೆಸಿಕೊಂಡಿದ್ದರು. ಪೆಟ್ಟಿಗೆ ಬಿಚ್ಚಿದಾಗ ಫ್ಲ್ಯಾಶಿನ ಬ್ಯಾಟರಿಗಳು ಜೋಡಿನೊಳಗೆ ದೊರೆತವು. ಮರಳಿ ಬಂದು ನಿಂತವರನ್ನು, "ಏನಾಯಿತು ತಮ್ಮಾ?" ಎಂದು ಕೇಳಿದೆ. "ನನ್ನ ಹುಡುಗ ಕಟ್ಟಿದ್ದು ಸ್ವಾಮೀ, ಒಡೆಯಬಾರದೂಂತ ಶೂ ಒಳಗೆ ಹಾಕಿದ್ದಾನೆ ಮಾರಾಯ್ರೆ!" ಎಂದು ನಕ್ಕರು. ನಗೆಯ ಹಿಂದೆ ಬೆವರಿತ್ತು; ಮರುದಿನ ಮುಂಬಯಿಯಲ್ಲಿ ಮುಹೂರ್ತ. ಅವರಿಗೆ ಅದು ಹವ್ಯಾಸವಲ್ಲ, ಕಾಯಕ. ಕಾಯಕದ ಉಪಕರಣವನ್ನು ತಾನೇ ಕಟ್ಟಿಕೊಳ್ಳಬೇಕೆಂಬ ಮಾತು ನನಗೆ ಆಗ ಮನದಟ್ಟಾಯಿತು.

ಇನ್ನು ತೂಕದ ವಿಚಾರ. ನಮ್ಮ ದೇಶದೊಳಗಿನ ಸಾಮಾನ್ಯ ದರ್ಜೆಯ ಪಯಣದಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ ರೂಢಿಯಲ್ಲಿದೆ. ಒಳ್ಳೆಯ ಕ್ಯಾಮರಾ ಸುಮಾರು 800 ಗ್ರಾಂ, ನಿತ್ಯದ ಲೆನ್ಸು ಅಷ್ಟೇ, ದೂರದ ಲೆನ್ಸು ಒಂದೂವರೆ ಕಿಲೋ, ಫ್ಲ್ಯಾಶು 400 ಗ್ರಾಂ, ಬ್ಯಾಟರಿಗಳು 300 ಗ್ರಾಂ; ಮೆತ್ತೆಯುಳ್ಳ ಚೀಲವೇ ಎರಡು ಕಿಲೋ ತೂಗುವುದುಂಟು. ಇಷ್ಟಕ್ಕೇ ಸುಮಾರು ಆರು ಕಿಲೋ ಆಯಿತು. ಆದುದರಿಂದ ಟ್ರೈಪಾಡು, ಚಾರ್ಜರಿನ ತಂತಿಗಳು, ಸ್ಕ್ರೂ ಡ್ರೈವರು ಇವನ್ನೆಲ್ಲ ಬಟ್ಟೆಗಳ ನಡುವೆ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕುವುದು ಯುಕ್ತ. ಟ್ರೈಪಾಡನ್ನು ಕೈಯಲ್ಲಿ ಬಿಡುವುದು ಭದ್ರತಾ ಸಿಬ್ಬಂದಿಯ ವಿವೇಚನೆಗೆ ಸೇರಿದ್ದು. ಬಾಗಿಲಲ್ಲಿ ವಾದಿಸುವುದಕ್ಕಿಂತ ಮೊದಲೇ ಒಪ್ಪಿಸುವುದು ನೆಮ್ಮದಿ. ಧೂಳು ಊದುವ, ಒತ್ತಡದ ಗಾಳಿಯ ಡಬ್ಬಿಯನ್ನು ಎಲ್ಲಿಯೂ ಒಯ್ಯಬಾರದು. ರಬ್ಬರಿನ ಊದುಗ ಸಾಕು. ಎ.ಟಿ.ಆರ್.ನಂತಹ ಚಿಕ್ಕ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಕಿರಿದು. ಏಣಿಯ ಬಳಿಯೇ ಚೀಲವನ್ನು ಕೇಳಿ ಪಡೆದು ಕೆಳಗೆ ಇಡುವುದುಂಟು. ಅಂತಹ ಸಂದರ್ಭಕ್ಕಾಗಿ ಬ್ಯಾಟರಿ ಮತ್ತು ಮೆಮೊರಿ ಕಾರ್ಡುಗಳನ್ನು ಒಂದು ಪುಟ್ಟ ಸಂಚಿಯಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದರೆ, ಅದನ್ನೊಂದು ಎತ್ತಿಕೊಂಡು ಚೀಲವನ್ನು ನಿಶ್ಚಿಂತೆಯಿಂದ ಕೊಡಬಹುದು.

ತಪಾಸಣೆಯ ಎಕ್ಸ್‌ರೇಯಿಂದ ಡಿಜಿಟಲ್ ಕ್ಯಾಮರಾಕ್ಕಾಗಲಿ ಕಾರ್ಡಿಗಾಗಲಿ ಬಾಧೆಯಿಲ್ಲ. ಮನೆಯ ಹಳೆಯ ಫಿಲ್ಮ್ ಕ್ಯಾಮರಾವನ್ನು ಈಗಿನ ತರುಣರು ಮತ್ತೆ ಹೊರತೆಗೆಯುತ್ತಿದ್ದಾರೆ. ಅವರು ಮಾತ್ರ ಎಚ್ಚರದಿಂದಿರಬೇಕು. ಕೆಳಗೆ ಹೋಗುವ ಸಾಮಾನಿನ ತಪಾಸಣೆ ಬಲವಾದದ್ದಾದ್ದರಿಂದ ಫಿಲ್ಮಿಗೆ ಅಲ್ಲಿ ಮಬ್ಬು ಕವಿಯಬಹುದು. ಕೈಚೀಲಕ್ಕೆ ಬಳಸುವ ಹಳೆಯ ಯಂತ್ರಗಳು ಸಾಧಾರಣ ವೇಗದ ಫಿಲ್ಮಿಗೆ ಒಂದೆರಡು ಬಾರಿ ಹಾನಿ ಮಾಡಲಾರವು. ಹೊಸ ಬಗೆಯ ಸಿ.ಟಿ. ಯಂತ್ರಗಳು ಮಾಡುತ್ತವೆ. ಸುರುಳಿಗಳನ್ನು ಪಾರದರ್ಶಕ ಚೀಲದಲ್ಲಿಟ್ಟು, ಕೈಯಿಂದಲೇ ಪರೀಕ್ಷಿಸುವಂತೆ ವಿನಯದಿಂದ ಬಿನ್ನವಿಸುವುದು ಒಳ್ಳೆಯದು. ಗಲ್ಫ್ ದೇಶಗಳಲ್ಲಿರುವ ಮಕ್ಕಳ ಮನೆಗೆ ಹೊರಟವರು ಬೆಲೆಬಾಳುವ ಕ್ಯಾಮರಾ ಒಯ್ಯುವುದಾದರೆ, ಹೋಗುವಾಗಲೇ ಸುಂಕದ ಅಧಿಕಾರಿಗಳಿಗೆ ತೋರಿಸಿ ಅದರ ಸಂಖ್ಯೆ ನಮೂದಿಸಿದ ಪ್ರಮಾಣಪತ್ರ ಪಡೆಯಬೇಕು. ಮರಳುವಾಗ ಅದು ಹೊಸದಾಗಿ ಕೊಂಡದ್ದಲ್ಲವೆಂದು ಸಾಧಿಸಲು ಆ ಕಾಗದವೇ ಸಾಕ್ಷಿ.

ಮಂಗಳೂರಿಗೇ ವಿಶೇಷವಾದ ಶತ್ರು ಮತ್ತೊಂದುಂಟು, ಅದು ತೇವ. ಕಲಬುರಗಿಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ ನಿರ್ಮಲವಾಗಿದ್ದ ಲೆನ್ಸು ಇಲ್ಲಿಯ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಲ್ಲುದು. ಗಾಜಿನೊಳಗೆ ಜೇಡರ ಬಲೆಯಂತೆ ಹಬ್ಬುವ ಈ ಬೂಷ್ಟು ಕ್ರಮೇಣ ಲೆನ್ಸಿನ ಲೇಪವನ್ನೇ ಕೊರೆಯುತ್ತದೆ. ಗಾಳಿಯ ತೇವ ಶೇಕಡಾ 60ನ್ನು ಮೀರಿ ಬಹುಕಾಲ ನಿಂತರೆ ಅದಕ್ಕೆ ಹಬ್ಬ. ಕತ್ತಲೆಯ ಚರ್ಮದ ಚೀಲವೆಂದರೆ ತವರುಮನೆ. ಆದುದರಿಂದ ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳಿರಲಿ. ಬಣ್ಣ ಬದಲಾಯಿಸುವ ಜಾತಿಯದಾದರೆ ತೇವ ಕುಡಿದದ್ದು ಕಣ್ಣಿಗೆ ಕಾಣುತ್ತದೆ. ಮಂದ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಇನ್ನೊಂದು ಮಾತು: ವಿಮಾನದ ತಂಪಿನಿಂದ ಬಜ್ಪೆಯ ಸೆಕೆಗೆ ಕಾಲಿಟ್ಟೊಡನೆ ಕನ್ನಡಕ ಮಂಜಾಗುವುದನ್ನು ಎಲ್ಲರೂ ಬಲ್ಲರು. ಕ್ಯಾಮರಾವನ್ನು ಆಗಲೇ ಹೊರತೆಗೆದರೆ ಅದರ ಒಡಲಿನ ಮೇಲೂ ಅದೇ ನೀರು ಕೂಡುತ್ತದೆ. ಕಡಲು ಕಾಣುವ ಆತುರವನ್ನು ಅರ್ಧ ಗಂಟೆ ತಡೆದು, ಮುಚ್ಚಿದ ಚೀಲದಲ್ಲಿಯೇ ಅದು ಹೊರಗಿನ ಬಿಸುಪಿಗೆ ಹೊಂದಿಕೊಳ್ಳಲು ಬಿಡಬೇಕು. ಕಡಲತೀರದಲ್ಲಿ ತಿರುಗಾಡಿ ಬಂದ ರಾತ್ರಿ, ಉಪ್ಪಿನಂಶ ಹೋಗುವಂತೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಹೊರಮೈಯನ್ನು ಒರೆಸಿ, ಬಳಿಕ ಒಣಬಟ್ಟೆಯಿಂದ ಒರೆಸಬೇಕು. ದೇವಾಲಯ, ಚಾಪೆಲುಗಳ ಒಳಗೆ ಚಿತ್ರ ತೆಗೆಯುವ ಮುನ್ನ ಅಲ್ಲಿಯವರ ಅನುಮತಿ ಕೇಳುವುದು ಸೌಜನ್ಯ. ನಿಲ್ದಾಣದ ಭದ್ರತಾ ವಲಯದತ್ತ ಕ್ಯಾಮರಾ ತಿರುಗಿಸದಿರುವುದು ವಿವೇಕ.

ಈಗ ಮೊದಲನೆಯ ಸೂತ್ರ: ಕಳೆದರೆ ಮತ್ತೆ ದೊರೆಯದುದು ಯಾವುದು? ಬಹುಜನರು ಕ್ಯಾಮರಾ ಎನ್ನುವರು, ಬೆಲೆ ಅದಕ್ಕೇ ಹೆಚ್ಚಾದ್ದರಿಂದ. ಆದರೆ ಕ್ಯಾಮರಾ ಅಂಗಡಿಯಲ್ಲಿ ದೊರೆಯುತ್ತದೆ, ವಿಮೆಯೂ ಉಂಟು. ಉಗುರಿನಷ್ಟಗಲದ ಕಾರ್ಡಿನಲ್ಲಿರುವ ಅಜ್ಜಿಯ ನಗೆ, ಮೊಮ್ಮಗನ ತೊಟ್ಟಿಲು, ಮಗಳನ್ನು ಧಾರೆಯೆರೆದ ಗಳಿಗೆ ಇವನ್ನು ಯಾವ ಅಂಗಡಿಯೂ ಕೊಡಲಾರದು, ಯಾವ ವಿಮೆಯೂ ತುಂಬಿಕೊಡಲಾರದು. ಹಿರಿಯರೊಬ್ಬರು ಲಿಂಗೈಕ್ಯರಾದ ಮರುದಿನ ಭಾವಚಿತ್ರಕ್ಕಾಗಿ ಮನೆಯೆಲ್ಲ ತಡಕಾಡುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಕೊನೆಗೆ ಸಿಗುವುದು ಯಾವುದೋ ಗುಂಪುಚಿತ್ರದ ಮೂಲೆಯ ಮಸುಕು ಮುಖ. ಪ್ರವಾಸದಲ್ಲಿ ತೆಗೆದ ನಿಚ್ಚಳ ಚಿತ್ರವೊಂದು ಕಾರ್ಡಿನೊಡನೆ ಕಳೆದುಹೋಗಿರುತ್ತದೆ.

ಅದಕ್ಕಾಗಿ ಪ್ರತಿರಾತ್ರಿ ಚಿತ್ರಗಳ ಇನ್ನೊಂದು ಪ್ರತಿ ಮಾಡಿ, ಕಾರ್ಡು ಒಬ್ಬರಲ್ಲಿ, ಪ್ರತಿ ಮತ್ತೊಬ್ಬರಲ್ಲಿ ಇರುವಂತೆ ನೋಡಿಕೊಳ್ಳಬೇಕು. ಎರಡನ್ನೂ ಒಂದೇ ಚೀಲದಲ್ಲಿಟ್ಟರೆ ಎರಡಿದ್ದೂ ಒಂದೇ. ಪತಿಯ ಜೇಬಿನಲ್ಲೊಂದು, ಪತ್ನಿಯ ಕೈಚೀಲದಲ್ಲೊಂದು ಇದ್ದರೆ ಸಾಕು. ಊರಿಗೆ ಮರಳಿದ ವಾರದೊಳಗೆ ಹತ್ತು ಒಳ್ಳೆಯ ಚಿತ್ರಗಳನ್ನು ಆರಿಸಿ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಸ್ಥಳ, ತಾರೀಖುಗಳನ್ನು ಬರೆದಿಡಿ. ಆಲ್ಬಮ್ಮನ್ನು ಗೋಡೆಗೆ ತಾಗದಂತೆ ಒಣಗಿದ ಕಪಾಟಿನಲ್ಲಿಡಿ. ಮಳೆಗಾಲ ಮುಗಿದು ಬಿಸಿಲು ಬಿದ್ದ ದಿನ ಕ್ಯಾಮರಾದೊಡನೆ ಅದನ್ನೂ ಹೊರತೆಗೆದು ಗಾಳಿಯಾಡಿಸಿ. ಆಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಚಿತ್ರದಲ್ಲಿರುವವರು ಯಾರು ಯಾರೆಂದು ಹೇಳಿಕೊಡಿ.